ಬ್ಯಾಗು ಕಾಯೋರು ಯಾರು?

ನಮ್ಮ ಕಡೆ ಹೆಂಗಸರು ಮನೆಬಾಗಿಲು ದಾಟಿ ಒಂದಿಡೀ ದಿನ ಹೊರಗಿರೋದು ಅಂದ್ರೆ ಅದಕ್ಕೆ ಮೂರೋ ನಾಲ್ಕೋ ಕಾರಣ ಇರುತ್ತೆ. ಮದುವೆ, ತಿಥಿ, ಜಾತ್ರೆ, ಇಲ್ಲಾ ಮೈಸೂರಿನ ದೊಡ್ಡಾಸ್ಪತ್ರೆ. ಎಲ್ಲಿಗೇ ಹೋಗಲಿ, ಒಂದು ಕೆಲಸ ಮಾತ್ರ ನಮ್ಮ ಬೆನ್ನು ಬಿಡಲ್ಲ. ಅದೇ ಬ್ಯಾಗು ಕಾಯೋದು. ಮದುವೆ ಮನೇಲಿ ಒಡವೆ ಬ್ಯಾಗು, ಕಪ್ಪಡಿ ಜಾತ್ರೇಲಿ ಬುತ್ತಿ ಗಂಟು, ಆಸ್ಪತ್ರೇಲಿ ಫ್ಲಾಸ್ಕು, ಹೊದಿಕೆ. ಗಂಡಸರು ಮಕ್ಕಳು ಸುತ್ತಾಡಿಕೊಂಡು ಬರೋ ತನಕ ಯಾರೋ ಒಬ್ಬಳು ಕಾಲು ನೀಡಿಕೊಂಡು ಚೀಲದ ಪಕ್ಕ ಕೂತಿರ್ತಾಳೆ. ನಿಮ್ಮ ಮನೇಲೂ ಒಬ್ಬಳು ಇದ್ದೇ ಇರ್ತಾಳೆ, ಯೋಚನೆ ಮಾಡಿ ನೋಡಿ. ಹೋದ ಬೇಸಿಗೇಲಿ ನಾವು ಹನ್ನೆರಡು ಜನ ಮೈಸೂರಿನ ಕೆಆರ್‌ಎಸ್ ರಸ್ತೇಲಿರೋ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೆ ಹೋಗಿ ಬಂದ್ವಲ್ಲ, ಅದರ ಕತೆ ಹೇಳೋಣ ಅಂತ ಕೂತರೆ ನನಗೆ ಆಟಗಳಿಗಿಂತ ಮೊದಲು ನೆನಪಿಗೆ ಬರೋದು ಈ ಬ್ಯಾಗಿನ ವಿಷಯಾನೇ.

ಹೋಗೋ ದಿನ ಗೊತ್ತು ಮಾಡೋದೇ ಒಂದು ದೊಡ್ಡ ಕೆಲಸ. ನಮ್ಮ ಹುಣಸೂರು, ಪಿರಿಯಾಪಟ್ಟಣ ಸೀಮೇಲಿ ವರ್ಷ ನಡೆಯೋದು ಹೊಗೆಸೊಪ್ಪಿನ ಲೆಕ್ಕದಲ್ಲಿ. ಬೇಸಿಗೆ ಶುರುವಾಗೋ ಹೊತ್ತಿಗೆ ಸಸಿಮಡಿ, ಮೇ-ಜೂನಿಗೆ ನಾಟಿ, ಆಮೇಲೆ ಸೊಪ್ಪು ಮುರಿ, ಕಡ್ಡಿಗೆ ಕಟ್ಟು, ಬ್ಯಾರನ್ನಿಗೆ ಏರಿಸು, ಬೇಯಿಸು, ಗ್ರೇಡು ಮಾಡು. ಬೇಲ್ ಕಟ್ಟಿ ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹರಾಜಿಗೆ ಸಾಗಿಸಿ ಕೈಯಿನ ಅಂಟು ಬಿಡೋ ಹೊತ್ತಿಗೆ ಸಂಕ್ರಾಂತಿ ಆಗಿರುತ್ತೆ. ಕೆ.ಆರ್. ನಗರದಲ್ಲಿರೋ ನಮ್ಮ ನಾದಿನಿ ಕಡೆ ನಾಲೆ ನೀರು, ಭತ್ತದ ಲೆಕ್ಕ. ಎಚ್.ಡಿ. ಕೋಟೇಲಿರೋ ನನ್ನ ವಾರಗಿತ್ತಿ ಕಡೆ ಹತ್ತಿ ಲೆಕ್ಕ. ಎಲ್ಲರಿಗೂ ಕೈ ಬಿಡುವಾಗೋದು, ಮಕ್ಕಳಿಗೆ ಪರೀಕ್ಷೆ ಮುಗಿಯೋದು, ಎರಡೂ ಕೂಡಿ ಬರೋದು ಯುಗಾದಿ ಕಳೆದ ಮೇಲೇನೇ. ಇನ್ನು ದಿನ ಹಿಡಿಯೋವಾಗ ಗಂಡಸರು ಕ್ಯಾಲೆಂಡರಲ್ಲಿ ರಜಾ ನೋಡ್ತಾರೆ. ನಾವು ಹೆಂಗಸರು ಮೂರು ಜನ ಫೋನಲ್ಲಿ ಬೇರೆ ಲೆಕ್ಕ ಹಾಕ್ತೀವಿ. ನೀರಲ್ಲಿ ಆಡೋ ಜಾಗ ನೋಡಿ, ತಿಂಗಳ ದಿನ ಯಾರಿಗೂ ಬರಬಾರದು. ಎರಡು ಭಾನುವಾರ ಹಿಂಗೇ ಹೋಯ್ತು. "ಅದ್ಯಾಕೆ ಮುಂದಕ್ಕೆ ಹಾಕ್ತೀರ?" ಅಂತ ನಮ್ಮ ಮನೆಯವರು ಕೇಳಿದ್ರು. "ಮೋಡ ಆಗದೆ" ಅಂದೆ. ಮೋಡ ಎಲ್ಲಿತ್ತು, ಸುಡೋ ಬಿಸಿಲು!

ಮಕ್ಕಳಿಗೆ ಆಸೆ ಇದ್ದದ್ದು ಬಿಡದಿ ವಂಡರ್‌ಲಾಕ್ಕೆ. 2005ರಲ್ಲಿ ಅದು ಶುರುವಾದ ಮೇಲೆ ಮೈಸೂರು-ಬೆಂಗಳೂರು ರಸ್ತೇಲಿ ಓಡಾಡೋ ಬಸ್ಸಿನ ಕಿಟಕಿಗೆ ಮೂಗು ಒತ್ತದ ಮಗು ಇಲ್ಲ. ಅದೇ ಕಂಪನಿಯೋರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಅಂತ ಮೊದಲು ಮಾಡಿ, ಆಮೇಲೆ ಇಲ್ಲಿಗೆ ಬಂದಿದ್ದು. ಆದರೆ ಪಿರಿಯಾಪಟ್ಟಣದಿಂದ ಅವ್ವ ಬಂದು, ಕೋಟೆಯಿಂದ ಅವರು ಬಂದು, ಅಲ್ಲಿಂದ ಬಿಡದಿಗೆ ಹೋಗಿ, ಕತ್ತಲಾಗೋದರೊಳಗೆ ಹಸು ಕರೆಯಕ್ಕೆ ವಾಪಸ್ಸು ಬರೋದು ಆಗೋ ಮಾತಲ್ಲ. ಮೈಸೂರೇ ಸರಿ ಅಂತ ತೀರ್ಮಾನ ಆಯ್ತು.

ದುಡ್ಡು ಕೊಟ್ಟಿದ್ದು ನಮ್ಮತ್ತೆ. ರೇಷನ್ ಕಾರ್ಡಲ್ಲಿ ಯಜಮಾನಿ ಅವರೇ. 2023ರ ಆಗಸ್ಟ್ 30ನೇ ತಾರೀಖು ಮೈಸೂರಲ್ಲೇ ಗೃಹಲಕ್ಷ್ಮಿ ಶುರುವಾಯ್ತಲ್ಲ, ತಿಂಗಳಿಗೆ 2,000, ಅದನ್ನ ಅವರು ಮುಟ್ಟದೆ ಇಟ್ಟಿದ್ರು. ಐದು ತಿಂಗಳಿಂದು ಹತ್ತು ಸಾವಿರ ತೆಗೆದು ನಮ್ಮ ಮನೆಯವರ ಕೈಗೆ ಕೊಟ್ಟು, "ಹೈಕಳ ಕರ್ಕೊಂಡ್ ಹೋಗು. ನಾವೂ ಬತ್ತೀವಿ" ಅಂದ್ರು. 'ನಾವೂ' ಅಂದಿದ್ದು ಯಾರನ್ನ ಅಂತ ಆಗ ಯಾರೂ ಕೇಳಲಿಲ್ಲ.

ನಮ್ಮ ನಾದಿನಿ ಗಂಡ ತೀರಿಕೊಂಡು ಆಗ ಎರಡು ವರ್ಷ ತುಂಬಿರಲಿಲ್ಲ. ಅವಳಿಗೆ ಮೂವತ್ತನಾಲ್ಕು. ಒಬ್ಬನೇ ಮಗ, ಒಂಬತ್ತು ವರ್ಷ, ಮನೇಲಿ ಚಿಕ್ಕು ಅಂತೀವಿ. ಕೆ.ಆರ್. ನಗರದಲ್ಲಿ ಮನೆ ಮುಂದಿನ ಕೋಣೇಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲೀತಾಳೆ. ಕೈ ಚೆನ್ನಾಗಿದೆ, ಗಿರಾಕಿ ಇದ್ದಾರೆ, ಹೊಟ್ಟೆಗೆ ತೊಂದರೆ ಇಲ್ಲ. ಆದರೆ ಅವಳು ಎಲ್ಲಿಗೂ ಬರೋದು ಬಿಟ್ಟಿದ್ದಳು. ನಾಮಕರಣಕ್ಕೆ ಕರೆದರೆ, "ನೀವ್ ಹೋಗಿ ಅತ್ಗೆ, ನಂಗೆ ಹೊಲ್ಗೆ ಅದೆ" ಅನ್ನೋಳು. ಮದುವೆಗೆ ಬಂದರೂ ಹಿಂದಿನ ಸಾಲಲ್ಲಿ ಕೂತು, ಅರಿಶಿನ ಕುಂಕುಮ ತಟ್ಟೆ ಹತ್ತಿರ ಬರೋ ಹೊತ್ತಿಗೆ ಎದ್ದು ನೀರು ಕುಡಿಯಕ್ಕೆ ಹೋಗೋಳು. ತಟ್ಟೆ ಹಿಡಿದೋರು ಮುಂದಕ್ಕೆ ದಾಟಿಸೋದನ್ನ ನೋಡೋ ಕಷ್ಟಕ್ಕಿಂತ ನಾನೇ ಎದ್ದು ಹೋಗ್ತೀನಿ ಅನ್ನೋ ಲೆಕ್ಕ. ಚಿಕ್ಕು ಕೂಡ ಹಂಗೇ ಆಗಿದ್ದ. ಆಟಕ್ಕೆ ಕರೆದರೆ, "ಅಮ್ಮ ಒಬ್ಬಳೇ ಇರ್ತಾಳೆ" ಅನ್ನೋನು.

ಈ ನೀರಾಟದ ಜಾಗದಲ್ಲಿ ಬಟ್ಟೆಗೊಂದು ನಿಯಮ ಇರುತ್ತೆ. ಸೀರೆ, ಚೂಡಿದಾರ, ಜೀನ್ಸು ಹಾಕಿಕೊಂಡು ನೀರಿಗೆ ಇಳಿಯೋ ಹಾಗಿಲ್ಲ, ನೈಲಾನ್ ಥರದ ಬಟ್ಟೆ ಇರಬೇಕು. ಯಾಕೆ ಅಂತ ನನಗೆ ತಿಳಿಸಿದ್ದು ನಾದಿನಿನೇ. "ಹತ್ತಿ ಬಟ್ಟೆ ನೀರು ಕುಡೀತದೆ ಅತ್ಗೆ. ಒದ್ದೆ ಆದ್ಮೇಲೆ ಭಾರ ಆಗಿ ಕಾಲಿಗ್ ಸುತ್ಕತದೆ, ಬಿದ್ರೆ ಏಳಕ್ಕಾಗಲ್ಲ. ಜಾರೋ ಕಡೆ ಸೆರಗೋ ದುಪಟ್ಟನೋ ಸಿಕ್ಕಾಕ್ಕೊಂಡ್ರೆ ಇನ್ನೂ ಕಷ್ಟ. ಅದರ ನೂಲು ಬಿಟ್ಕೊಂಡು ನೀರು ಶೋಧಿಸೋ ಮಿಷನ್ನಿಗೂ ಹೋಗಿ ಕಟ್ಕತದೆ. ನೈಲಾನು ನೀರು ಹಿಡ್ಕೊಳಲ್ಲ, ಬೇಗ ಒಣಗ್ತದೆ" ಅಂದಳು. ಬಾಡಿಗೆಗೆ, ಕ್ರಯಕ್ಕೆ ಅಲ್ಲೇ ಸಿಗುತ್ತೆ. ಆದರೆ ಯಾರೋ ಹಾಕಿದ್ದನ್ನ ಹಾಕಿಕೊಳ್ಳೋಕೆ ನಮಗೆ ಮನಸ್ಸಾಗಲಿಲ್ಲ. "ನಾನೇ ಹೊಲ್ಕೊಡ್ತೀನಿ, ಅಳತೆ ಕಳ್ಸಿ" ಅಂದಳು. ಮಂಡಿ ತನಕ ಉದ್ದ ಟಾಪು, ಕಾಲು ಪೂರ್ತಿ ಮುಚ್ಚೋ ಲೆಗ್ಗಿನ್ಸು, ಕಡುನೀಲಿ ಬಣ್ಣ. ಒಂದು ಜೊತೆ ನೋಡಿದ ಮೇಲೆ ನನ್ನ ವಾರಗಿತ್ತಿಗೂ ಧೈರ್ಯ ಬಂತು.

ಹೋಗೋ ಹಿಂದಿನ ದಿನ ಸಂಜೆ ನಾದಿನಿ ಮಗನ್ನ ಕರ್ಕೊಂಡು ನಮ್ಮ ಮನೆಗೆ ಬಂದಳು. ಚಾಪೆ ಮೇಲೆ ಹೊಲಿದಿದ್ದನ್ನ ಸಾಲಾಗಿ ಇಟ್ಟಳು. ಮಕ್ಕಳು ಐದು ಜನಕ್ಕೆ ಐದು, ನನಗೊಂದು, ವಾರಗಿತ್ತಿಗೊಂದು. ಎಲ್ಲದಕ್ಕೂ ಕತ್ತಿನ ಹತ್ತಿರ ಗುರುತಿಗೆ ಒಂದೊಂದು ಬಣ್ಣದ ದಾರ. ಅತ್ತೆ ಕಣ್ಣಲ್ಲೇ ಎಣಿಸಿದ್ರು.

"ಏಳು ಜೊತೆ ಆದ್ವು. ನಿಂದೆಲ್ಲಿ?"

"ಬಟ್ಟೆ ಸಾಲ್ಲಿಲ್ಲ ಕನವ್ವ. ನಾನ್ ಬ್ಯಾಗ್ ನೋಡ್ಕತೀನಿ ಬುಡು."

ಅತ್ತೆ ಮಾತಾಡಲಿಲ್ಲ. ಎದ್ದು ಹೋಗಿ ಒಲೆ ಮುಂದೆ ಕೂತರು. ಅವತ್ತು ಮುದ್ದೆ ಸ್ವಲ್ಪ ಗಟ್ಟಿಯಾಗೇ ಇತ್ತು.

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸಿದ್ವಿ. ಬೇಸಿಗೇಲಿ ಚಿತ್ರಾನ್ನ ಮಧ್ಯಾಹ್ನಕ್ಕೆ ಹಳಸುತ್ತೆ, ತೆಂಗಿನಕಾಯಿ ಹಾಕಿದ್ದು ಯಾವುದೂ ಬೇಡ. ಹುಣಿಸೆ ಗೊಜ್ಜಿನದು ತಡೆಯುತ್ತೆ. ಇಂಥ ಪಾರ್ಕುಗಳಲ್ಲಿ ಹೊರಗಿನ ಊಟ ಒಳಕ್ಕೆ ಬಿಡಲ್ಲ ಅನ್ನೋದು ಗೊತ್ತಿದ್ದದ್ದೇ, ಅದಕ್ಕೆ ಗೇಟು ತೆಗೆಯೋಕೆ ಮೊದಲು ಹೊರಗೇ ಮರದ ನೆರಳಲ್ಲಿ ಹೊಟ್ಟೆ ತುಂಬ ತಿಂದುಕೊಂಡು ಹೋಗೋದು ಅಂತ ಮಾಡಿದ್ವಿ. ಒಡವೆ ಎಲ್ಲಾ ಬಿಚ್ಚಿ ಬೀರುವಿಗೆ ಹಾಕಿ, ತಾಳಿಯನ್ನ ಅರಿಶಿನ ದಾರಕ್ಕೆ ಪೋಣಿಸಿಕೊಂಡೆ. ತಲೆಗೆ ಎಣ್ಣೆ ಹಚ್ಚಬೇಡಿ, ಜಡೆ ಬಿಗಿಯಾಗಿ ಹೆಣೆದು ಮೇಲಕ್ಕೆ ಕಟ್ಟಿ. ಆ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಆಡಿ ಬಂದ ಮೇಲೆ ತಲೆ ಮೈ ಎಲ್ಲಾ ಒಳ್ಳೇ ನೀರಲ್ಲಿ ತೊಳೆದುಕೊಳ್ಳದಿದ್ರೆ ಕೂದಲು ಒರಟಾಗುತ್ತೆ, ಮೈ ಕಡಿಯುತ್ತೆ. ಇವೆಲ್ಲಾ ಹೋಗೋರಿಗೆ ಅನುಕೂಲ ಆಗಲಿ ಅಂತ ಬರೀತಿದೀನಿ.

ಹುಣಸೂರಲ್ಲಿ ಬಸ್ಸು ಹತ್ತಿದ್ವಿ. ಪಿರಿಯಾಪಟ್ಟಣದಿಂದ ಬಂದ ನಮ್ಮ ಅವ್ವ ಅಲ್ಲೇ ಕಾಯ್ತಿದ್ಲು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮಗೆಲ್ಲಾ ಸೊನ್ನೆ ಟಿಕೆಟ್ಟು. ನಾನು, ಅತ್ತೆ, ಅವ್ವ, ನಾದಿನಿ, ನನ್ನ ಮಗಳು, ಐದು ಜನಕ್ಕೆ ಐದು ಸೊನ್ನೆ. ನಮ್ಮ ಮನೆಯವರಿಗೆ ಪೂರ್ತಿ, ಚಿಕ್ಕುಗೂ ನನ್ನ ಮಗನಿಗೂ ಅರ್ಧರ್ಧ. "ಗಂಡುಸ್ರಿಗ್ ಮಾತ್ರ ದುಡ್ಡು!" ಅಂತ ಆ ಎರಡು ಹುಡುಗರು ಟಿಕೆಟ್ಟನ್ನ ಬಿಳಿಕೆರೆ ದಾಟೋ ತನಕ ಕೈಯಲ್ಲಿ ಹಿಡಿದುಕೊಂಡು ಜಂಬ ಮಾಡಿದ್ವು. ಮೈಸೂರಲ್ಲಿ ಕೋಟೆಯಿಂದ ಬಂದ ನಾಲ್ಕು ಜನ ಸೇರಿಕೊಂಡ್ರು. ಸಿಟಿ ಬಸ್ಸು ಹಿಡಿದು ಮೇಟಗಳ್ಳಿ ಕಡೆ ಇಳಿದ್ವಿ.

ಗೇಟಿನ ಹತ್ತಿರ ಮಕ್ಕಳನ್ನ ಅಳತೆ ಗೆರೆ ಮುಂದೆ ನಿಲ್ಲಿಸಿ ನೋಡ್ತಾರೆ. ಇಂಥ ಕಡೆ ಮಕ್ಕಳ ಟಿಕೆಟ್ಟು ನಿಂತಿರೋದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಕೆಲವು ಆಟಕ್ಕೆ ಇಷ್ಟು ಎತ್ತರ ಇರಲೇಬೇಕು, ಯಾಕಂದ್ರೆ ಸೊಂಟದ ಪಟ್ಟಿ, ಎದೆ ಮೇಲಿನ ಕಂಬಿ ಸಣ್ಣ ಮೈಯನ್ನ ಹಿಡಿದುಕೊಳ್ಳೋದಿಲ್ಲ. ನನ್ನ ಮಗ ಹಿಮ್ಮಡಿ ಎತ್ತಿ ನಿಂತುಕೊಂಡಿದ್ದನ್ನ ನೋಡಿ ಅಲ್ಲಿದ್ದೋರೆಲ್ಲಾ ನಕ್ಕರು.

ಒಳಕ್ಕೆ ಹೋಗಿ ಬಟ್ಟೆ ಬದಲಾಯಿಸೋ ಕಡೆ ಬಂದ್ವಿ. ನಾದಿನಿ ಎಲ್ಲರ ಬ್ಯಾಗು ಒಂದು ಕಡೆ ಒಟ್ಟು ಹಾಕಿಕೊಂಡು, ಕೂರೋಕೆ ಜಾಗ ನೋಡ್ತಿದ್ಲು. ಅಷ್ಟು ಹೊತ್ತಿಗೆ ಅತ್ತೆ ಎಲ್ಲೋ ಹೋಗಿದ್ದೋರು ವಾಪಸ್ಸು ಬಂದ್ರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಮಡಿಕೆ ಬಿಚ್ಚದ ಹೊಸ ಜೊತೆ ಬಟ್ಟೆ. ಎಲೆಅಡಿಕೆ ಚೀಲದಿಂದ ದುಡ್ಡು ತೆಗೆದು ಅಂಗಡೀಲಿ ಕೊಂಡುಕೊಂಡು ಬಂದಿದ್ರು. ಬಣ್ಣ ಮಾತ್ರ ಕೆಂಪು.

"ಹೋಗು, ಹಾಕ್ಕೊಂಡ್ ಬಾ."

"ಅವ್ವ, ಬ್ಯಾಡ..."

"ಬ್ಯಾಗ್ ಕಾಯದು ನನ್ ಕೆಲ್ಸ. ನಲ್ವತ್ತು ವರ್ಸದ ಸರ್ವೀಸ್ ಅದೆ ನಂದು. ನೀನ್ ಯಾವಾಗ್ ಬಂದೆ ಈ ಕೆಲ್ಸಕ್ಕೆ?"

ನಾದಿನಿ ನನ್ನ ಮುಖ ನೋಡಿದಳು. ನಾನು ಅವಳ ಹೆಗಲ ಮೇಲಿದ್ದ ಬ್ಯಾಗು ಇಳಿಸಿಕೊಂಡು ಅತ್ತೆ ಪಕ್ಕ ಇಟ್ಟೆ. ಚಿಕ್ಕು ಆಗಲೇ ಅಮ್ಮನ ಕೈ ಹಿಡಿದು ಎಳೀತಿದ್ದ.

ಅವಳು ಬಟ್ಟೆ ಬದಲಾಯಿಸಕ್ಕೆ ಒಳಗೆ ಹೋದ ಮೇಲೆ ಒಂದು ಮಾತು ನಡೀತು. ಅದನ್ನ ಬರೆಯೋದೋ ಬೇಡವೋ ಅಂತ ಯೋಚನೆ ಮಾಡಿದೆ. ಅವ್ವನನ್ನೇ ಕೇಳಿದೆ, "ಬರಿ, ನಾಕ್ ಜನ ಓದ್ಲಿ" ಅಂದಳು. ಅದಕ್ಕೆ ಬರೀತಿದೀನಿ.

ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ಮೆಲ್ಲಗೆ ಅಂದಳು, "ಬೀಗಿತ್ತೇರೆ, ನಾನ್ ಹಿಂಗಂತೀನಿ ಅಂತ ಬ್ಯಾಸ್ರ ಮಾಡ್ಕೋಬ್ಯಾಡಿ. ವಯಸ್ಸಿನ್ ಕೂಸು. ಗಂಡ ಹೋಗಿ ಎರಡ್ ವರ್ಸ ತುಂಬಿಲ್ಲ, ಕೆಂಪ್ ಬಟ್ಟೆ ಹಾಕ್ಕೊಂಡ್ ನೀರಲ್ ಆಡ್ತಾವ್ಳೆ ಅಂತ ನಮ್ ಕಡ್ಯೋರು ಯಾರಾರ ಕಂಡ್ರೆ ಅನ್ನಲ್ವ? ಲೋಕ ಸುಮ್ನಿದ್ದಾತ?"

ಅತ್ತೆ ಅಡಿಕೆ ಚೂರು ಬಾಯಿಗೆ ಹಾಕಿಕೊಂಡ್ರು. "ಲೋಕಕ್ಕೆ ನಾನ್ ಟಿಕೇಟ್ ತಗಂಡಿಲ್ಲ ಕನ್ ಬೀಗಿತ್ತಿ. ಹನ್ನೆರಡ್ ಜನ್ಕೆ ತಗಂಡಿವ್ನಿ."

ನನಗೆ ನಗು ಬಂತು, ಆದರೆ ಅವ್ವನ ಮುಖ ನೋಡಿ ನಗಲಿಲ್ಲ. ನಮ್ಮಪ್ಪ ಹೋದಾಗ ಅವ್ವನಿಗೆ ಮೂವತ್ತೆಂಟು, ನನಗೆ ಹದಿನಾಲ್ಕು. ಅಲ್ಲಿಂದ ಅವಳು ಬಣ್ಣದ ಸೀರೆ ಉಟ್ಟಿದ್ದನ್ನ ನಾನು ನೋಡಿಲ್ಲ. ನನ್ನ ಮದುವೇಲಿ ಧಾರೆ ಹೊತ್ತಿಗೆ ಅವಳು ಅಡುಗೆ ಮನೇಲಿ ಎಣ್ಣೆ ಲೆಕ್ಕ ನೋಡ್ತಿದ್ಲು. ಅವ್ವ ಅಂದಳು, "ನಾನ್ ಇರ್ನಿಲ್ವ? ನಂಗೇನಾಯ್ತು?"

"ನೀವಿದ್ರಿ ಕನವ್ವ. ನಿಮ್ಮನ್ನ ಯಾರೂ ಬಾ ಅಂತ ಕರೀನಿಲ್ಲ. ಇವ್ಳನ್ನ ನಾನ್ ಕರ್ದಿವ್ನಿ" ಅಂದ್ರು ಅತ್ತೆ. ಗಟ್ಟಿಯಾಗೇನೂ ಅನ್ನಲಿಲ್ಲ. ಎಲೆ ಮಡಿಚಿ ಅವ್ವನ ಕೈಗೆ ಕೊಟ್ಟರು. ಅವ್ವ ಇಸಕೊಂಡಳು. ಆಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಾವು ಅಲೆ ಬರೋ ಕೊಳಕ್ಕೆ ಹೋದ್ವಿ. ನೋಡದೋರಿಗೆ ಹೇಳಬೇಕು ಅಂದ್ರೆ, ಅದು ಕಡಲತೀರದ ಹಾಗೆ ಒಂದು ಕಡೆಯಿಂದ ಇಳಿಜಾರು. ಮುಂದೆ ಹಿಮ್ಮಡಿ ಮುಳುಗೋ ನೀರು, ಹೋಗ್ತಾ ಹೋಗ್ತಾ ಆಳ. ಸಾಮಾನ್ಯವಾಗಿ ಇಂಥ ಕೊಳದ ಆಳದ ಕಡೆ ಗೋಡೆ ಹಿಂದೆ ಕೋಣೆ ಇರ್ತವೆ. ಅದರಲ್ಲಿ ಗಾಳಿಯನ್ನ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದಾಗ ಇಡೀ ಕೊಳದ ನೀರು ತೂಗಾಡುತ್ತೆ. ತುಂಬಿದ ಹಂಡೆಯನ್ನ ಇಬ್ಬರು ಎತ್ತಿಕೊಂಡು ಹೋಗೋವಾಗ ಹೆಜ್ಜೆಗೆ ಸರಿಯಾಗಿ ನೀರು ತುಳುಕುತ್ತಲ್ಲ, ಅದೇ ಲೆಕ್ಕ. ಯಾವಾಗಲೂ ಅಲೆ ಇರಲ್ಲ. ಶಬ್ದ ಮಾಡಿ ತಿಳಿಸಿ ಒಂದಷ್ಟು ಹೊತ್ತು ಬಿಡ್ತಾರೆ, ಆಮೇಲೆ ನಿಲ್ಲಿಸ್ತಾರೆ. ಸೀಟಿ ಹಿಡಿದು ಕಾವಲಿಗೆ ಹುಡುಗರು ನಿಂತಿರ್ತಾರೆ. ಚಿಕ್ಕ ಮಕ್ಕಳನ್ನ ಸೊಂಟಕ್ಕಿಂತ ಆಳಕ್ಕೆ ಕರ್ಕೊಂಡು ಹೋಗಬೇಡಿ, ಕೈ ಬಿಡಬೇಡಿ.

ನಾದಿನಿ ಅಂಚಿನಲ್ಲೇ ನಿಂತಿದ್ಲು. ಎರಡೂ ಕೈ ಕಟ್ಟಿಕೊಂಡು, ಮೈ ಕುಗ್ಗಿಸಿಕೊಂಡು, ಯಾರಾದ್ರೂ ನೋಡ್ತಾವ್ರ ಅಂತ ಆ ಕಡೆ ಈ ಕಡೆ ನೋಡಿಕೊಂಡು. ಯಾರು ನೋಡ್ತಾರೆ? ಎಲ್ಲರೂ ಅವರವರ ಮಕ್ಕಳನ್ನ ಹಿಡಿಯೋದರಲ್ಲೇ ಇದ್ರು. ನಮ್ಮ ಹಾಗೇ ಬೆದರಿಕೊಂಡು ನಿಂತ ಹೆಂಗಸರು ಅಲ್ಲಿ ಬೇಕಾದಷ್ಟು ಜನ ಇದ್ರು. ಶಬ್ದ ಆಯ್ತು, ಅಲೆ ಬಂತು. ಮೊದಲನೇದು ಮೊಣಕಾಲಿಗೆ, ಎರಡನೇದು ಸೊಂಟಕ್ಕೆ. ಮೂರನೇ ಅಲೆಗೆ ಚಿಕ್ಕು "ಅಮ್ಮಾ!" ಅಂತ ಎಳೆದ ನೋಡಿ, ಇಬ್ಬರೂ ಕುಂಡಿ ಊರಿ ಬಿದ್ದರು. ತಲೆ ಮೇಲೆ ನೀರು ಹೋಯ್ತು. ನಾದಿನಿ ಕಿರುಚಿಕೊಂಡಳು. ಎದ್ದು ಕಣ್ಣು ಒರೆಸಿಕೊಂಡು ಮುಂದಿನ ಅಲೆಗೂ ಕಿರುಚಿದಳು. ಆಮೇಲೆ ಬರೋ ಒಂದೊಂದು ಅಲೆಗೂ, ಬಿದ್ದರೂ ಬೀಳದಿದ್ರೂ, ಬಾಯಿ ತುಂಬ ಕೂಗಿದಳು. ನಾನೂ ಕೂಗಿದೆ. ವಾರಗಿತ್ತಿ ಕೂಡ ಕೂಗಿದಳು, ಇಡೀ ಮನೇಲಿ ಸದ್ದಿಲ್ಲದೆ ಮಾತಾಡೋಳು ಅವಳು.

ಅವತ್ತು ರಾತ್ರಿಯಿಂದ ನನ್ನ ತಲೇಲಿ ಇರೋದು ಇದೇ. ನಮ್ಮ ಊರಲ್ಲಿ ಹೆಂಗಸು ಕೂಗಿಕೊಂಡಳು ಅಂದ್ರೆ ಅಕ್ಕಪಕ್ಕದೋರು ಮಾಡ್ತಿರೋ ಕೆಲಸ ಬಿಟ್ಟು ಓಡಿ ಬರ್ತಾರೆ. ಹಾವು ಬಂದಿರಬೇಕು, ಬೆಂಕಿ ಬಿದ್ದಿರಬೇಕು, ಯಾರೋ ಹೋಗಿರಬೇಕು. ಬೇರೆ ಕಾರಣಕ್ಕೆ ನಾವು ಗಂಟಲು ಎತ್ತೋದೇ ಇಲ್ಲ. ನಾದಿನಿ ಕೊನೇ ಸಲ ಅಷ್ಟು ಗಟ್ಟಿಯಾಗಿ ಕೂಗಿದ್ದು ಎರಡು ವರ್ಷದ ಹಿಂದೆ ಬೆಳಗಿನ ಜಾವ, ಅದನ್ನ ಕೇಳಿದೋಳು ನಾನು. ಇಲ್ಲಿ ನೂರಾರು ಜನ ಒಟ್ಟಿಗೆ ಕೂಗ್ತಿದ್ರು, ಯಾರೂ ಯಾರನ್ನೂ ಏನಾಯ್ತು ಅಂತ ಕೇಳಲಿಲ್ಲ. ಟಿಕೆಟ್ಟಿನ ದುಡ್ಡು ದುಬಾರಿ ಅಂತ ನಾನೂ ಗೊಣಗಿದ್ದೆ. ಆ ಒಂದು ಹೊತ್ತಿಗೆ ಅದು ಸರಿ ಹೋಯ್ತು ಅಂತ ನನ್ನ ಲೆಕ್ಕ.

ಮಧ್ಯಾಹ್ನ ಹಸಿದು ಬಂದಾಗ ಬ್ಯಾಗಿನ ಹತ್ತಿರ ಇಬ್ಬರು ಬೀಗಿತ್ತಿಯರೂ ಜಾತ್ರೆ ವಿಷಯ ಮಾತಾಡ್ತಾ ಕೂತಿದ್ರು. ಮಾತು ಬಿಟ್ಟಿದ್ದೋರಿಗೆ ದಾರಿ ಮಾಡಿಕೊಟ್ಟಿದ್ದು ತೊಟ್ಟಿಲು. ಅತ್ತೆ ತೌರು ಕೆ.ಆರ್. ನಗರ ತಾಲ್ಲೂಕು. ಸಂಕ್ರಾಂತಿ ಹೊತ್ತಿನ ಚುಂಚನಕಟ್ಟೆ ದನದ ಜಾತ್ರೆಗೆ ಅವರಪ್ಪ ಎತ್ತು ಹೊಡ್ಕೊಂಡು ಹೋಗೋವಾಗ ಇವರೂ ಗಾಡೀಲಿ ಹೋಗೋರಂತೆ. ಕೋದಂಡರಾಮನ ಗುಡಿ ಹತ್ತಿರ ಮರದ ತೊಟ್ಟಿಲು. ನಾಲ್ಕೇ ಗೂಡು, ಕರೆಂಟಿಲ್ಲ, ಇಬ್ಬರು ಗಂಡಸರು ಕೈಯಲ್ಲೇ ತಿರುಗಿಸೋರು. ಅವ್ವನಿಗೆ ಬೆಟ್ಟದಪುರದ ಜಾತ್ರೆ. "ಮೇಲಕ್ ಹೋದಾಗ ಬೆಟ್ಟ ನಮ್ ಪಕ್ಕಕ್ಕೇ ಬಂದಂಗಾಗದು" ಅಂದಳು. ಇಬ್ಬರೂ ಮದುವೆ ಆದ ಮೇಲೆ ತೊಟ್ಟಿಲು ಹತ್ತಿಲ್ಲ. ಮದುವೆಯಾದೋಳು ತೊಟ್ಟಿಲು ಕಟ್ಟಿ ತೂಗಬೇಕೇ ಹೊರತು ಹತ್ತೋ ಹಾಗಿಲ್ಲ ಅಂತ ಅತ್ತೆ ನಕ್ಕರು.

ನನ್ನ ಮಗಳು ಶಾಲೇಲಿ ಓದಿದ್ದನ್ನ ಹೇಳಿದಳು. ಕಬ್ಬಿಣದ ದೊಡ್ಡ ತೊಟ್ಟಿಲನ್ನ ಮೊದಲು ಮಾಡಿದ್ದು ಅಮೆರಿಕದ ಜಾರ್ಜ್ ಫೆರಿಸ್ ಅನ್ನೋ ಎಂಜಿನಿಯರು, 1893ರಲ್ಲಿ, ಚಿಕಾಗೋ ವಸ್ತುಪ್ರದರ್ಶನಕ್ಕೆ. 264 ಅಡಿ ಎತ್ತರ, 36 ಗೂಡು, ಒಂದೊಂದರಲ್ಲಿ 60 ಜನ. ಅದಕ್ಕೇ ಇಂಗ್ಲಿಷಲ್ಲಿ ಫೆರಿಸ್ ವೀಲ್ ಅನ್ನೋದಂತೆ. "ಅರವತ್ ಜನ! ಒಂದ್ ಗೂಡಲ್ಲಿ ನಮ್ ಬೀದೀನೇ ಕೂರಿಸ್ಬೋದು" ಅಂದಳು ಅವ್ವ. ನಮ್ಮ ಮೈಸೂರಿನ ವಸ್ತುಪ್ರದರ್ಶನ ಅದಕ್ಕೂ ಹಳೇದು. ಚಾಮರಾಜೇಂದ್ರ ಒಡೆಯರು 1880ರಲ್ಲಿ ಶುರು ಮಾಡಿದ್ದು. ಈಗ ದೊಡ್ಡಕೆರೆ ಮೈದಾನದಲ್ಲಿ ದಸರಾ ಹೊತ್ತಿಗೆ ನಡೆಯುತ್ತಲ್ಲ, ನಾವೆಲ್ಲಾ ಹಪ್ಪಳ ತಿನ್ನಕ್ಕೆ ಹೋಗೋದು, ಅದೇ. ಅಲ್ಲಿಗೆ ಅವ್ವ ಎಷ್ಟು ಸಲ ಬಂದಿಲ್ಲ! ಪ್ರತಿ ಸಲವೂ ತೊಟ್ಟಿಲ ಬುಡದಲ್ಲಿ ನಮ್ಮ ಚಪ್ಪಲಿ, ಚೀಲ ಹಿಡ್ಕೊಂಡು ಕತ್ತು ಮೇಲಕ್ಕೆ ಮಾಡಿ ನಿಂತಿರ್ತಿದ್ಲು.

ಊಟ ಆದ ಮೇಲೆ ಅವ್ವ ನಮ್ಮ ಮನೆಯವರನ್ನ ಕೇಳಿದಳು. "ಅಳಿಯಂದ್ರೆ, ಆ ಕಡೆ ಗೂಡುಗೂಡಾಗಿ ಬೀಗ ಹಾಕವಲ್ಲ, ಅದೇನು?" ಸಾಮಾನು ಇಡೋ ಲಾಕರು, ಬಾಡಿಗೆಗೆ ಕೊಡ್ತಾರೆ ಅಂದ್ರು ಇವರು. ಅತ್ತೆ ಬೆಳಿಗ್ಗೆಯೇ ಅದನ್ನ ಕೇಳಿ, "ನಾನಿಲ್ವ? ದುಡ್ ಕೊಟ್ಟು ಬೀಗ ಹಾಕ್ಸದ್ಯಾಕೆ?" ಅಂತ ಬೇಡ ಅಂದಿದ್ರು. ಈಗ ಅವ್ವ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದಳು. "ಬೀಗಿತ್ತೇರೆ, ನೀವ್ ಎಲ್ರಿಗೂ ಕೊಟ್ರಿ. ಇದೊಂದ್ ನಂದಾಗ್ಲಿ. ಬನ್ನಿ, ನಾವೂ ವಸಿ ಓಡಾಡ್ಕೊಂಡ್ ಬರಾವ." ಪುಳಿಯೋಗರೆ ಡಬ್ಬಿ, ಒಣಗಿದ ಬಟ್ಟೆ, ಎಲೆಅಡಿಕೆ ಚೀಲ ಬಿಟ್ಟು ಮಿಕ್ಕಿದ್ದೆಲ್ಲಾ ಒಳಗೆ ಹೋಯ್ತು. ಬೀಗದ ಕೈ ಅತ್ತೆ ಸೆರಗಿನ ತುದಿಗೆ.

ನೀರಿನ ಕಡೆಗೆ ಅವರು ಬರಲಿಲ್ಲ, ಸೀರೆ ಬಿಡೋ ಮಾತೇ ಇಲ್ಲ. ನೀರಿಲ್ಲದ ಆಟಗಳ ಕಡೆ, ಹೆಚ್ಚು ಎತ್ತರಕ್ಕೆ ಹೋಗದೆ ನಿಧಾನಕ್ಕೆ ಸುತ್ತೋದು ಒಂದರಲ್ಲಿ ಮೊಮ್ಮಕ್ಕಳ ಮಧ್ಯೆ ಇಬ್ಬರೂ ಕೂತ್ರು. ಕಂಬಿ ಹಾಕೋ ಹುಡುಗ, "ಅಜ್ಜಿ, ಗಟ್ಟಿ ಹಿಡ್ಕೊಳಿ" ಅಂದ. ಅವ್ವ ಕಂಬಿ ಹಿಡಿಯಲಿಲ್ಲ, ಅತ್ತೆ ರಟ್ಟೆ ಹಿಡಿದಳು. ಕೆಳಗೆ ನಾನು, ನಾದಿನಿ ನಿಂತು ನೋಡ್ತಿದ್ವಿ. ಎರಡನೇ ಸುತ್ತಿಗೆ ಅವ್ವ ಬಾಯಿ ಬಿಟ್ಟು ನಗ್ತಿದ್ಲು. ಮುಂದಿನ ಎರಡು ಹಲ್ಲು ಇಲ್ಲ ಅವಳಿಗೆ, ನಗುವಾಗ ಯಾವಾಗಲೂ ಸೆರಗು ಅಡ್ಡ ಹಿಡೀತಾಳೆ. ಆವತ್ತು ಎರಡೂ ಕೈ ಅತ್ತೆ ರಟ್ಟೆ ಮೇಲಿದ್ವು.

ಇಳಿದು ಬಂದೋಳು ನಾದಿನಿ ಒದ್ದೆ ತಲೆ ಮುಟ್ಟಿ ನೋಡಿ, "ಚೆನ್ನಾಗ್ ಒರೆಸ್ಕೊ ಮಗ, ಶೀತ ಆಯ್ತದೆ" ಅಂದಳು. ತನ್ನ ಹೆಗಲ ಮೇಲಿದ್ದ ಟವಲು ತೆಗೆದು ತಾನೇ ಒರೆಸಿದಳು. ಬೆಳಿಗ್ಗೆ ಆಡಿದ ಮಾತಿನ ಬಗ್ಗೆ ಯಾರೂ ಏನೂ ಎತ್ತಲಿಲ್ಲ, ಎತ್ತೋ ಅವಶ್ಯಕತೆಯೂ ಇರಲಿಲ್ಲ.

ಎಲ್ಲಾ ಸರಿ ಹೋಯ್ತು ಅಂತ ನಾನು ಹೇಳಲ್ಲ. ವಾರಗಿತ್ತಿ ತೆಗೆದ ಫೋಟೋದಲ್ಲಿ ನಾದಿನಿ ಕೆಂಪು ಬಟ್ಟೇಲಿ, ಬಾಯಿ ತೆಗೆದು, ಮಗನ್ನ ತಬ್ಬಿಕೊಂಡು ನಿಂತಿದಾಳೆ. ಮನೆ ಗ್ರೂಪಿಗೆ ಹಾಕಿದ್ವಿ. ಅವಳು ತನ್ನ ಸ್ಟೇಟಸ್ಸಿಗೆ ಹಾಕಿ, ಒಂದು ಗಂಟೇಲಿ ತೆಗೆದಳು. ಯಾರೋ ಸಂಬಂಧಿಕರು ಏನೋ ಕೇಳಿದ್ರಂತೆ. ಏನು ಅಂತ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆದರೆ ಚಿಕ್ಕು ಅಮ್ಮನ ಫೋನು ತೆರೆದರೆ ಮೊದಲು ಕಾಣೋ ಹಾಗೆ ಅದನ್ನೇ ಇಟ್ಟಿದಾನೆ. ಅದನ್ನ ಅವಳು ತೆಗೆದಿಲ್ಲ. ರವಿಕೆ ಕೊಡೋಕೆ ಬಂದ ಒಬ್ಬ ಗಿರಾಕಿ ಅದನ್ನ ನೋಡಿ, "ಇಂಥ ಬಟ್ಟೆ ನಮಗೂ ಹೊಲ್ಕೊಡ್ತೀಯ?" ಅಂತ ಕೇಳಿದ್ರಂತೆ. ಈ ರಜದಲ್ಲಿ ಅವರ ಬೀದಿಯೋರು ಮೂರು ಮನೆ ಸೇರಿ ಹೋಗ್ತಾರಂತೆ. ಹನ್ನೊಂದು ಜೊತೆ ಆರ್ಡರು. ಅಳತೆ ತಗೊಳ್ಳೋವಾಗ ಅವಳು ಮೊದಲು ಕೇಳೋದು, "ಎಷ್ಟ್ ಜನ ಹೋಯ್ತಿದ್ದೀರಿ? ಎಷ್ಟ್ ಜೊತೆ ಹೇಳ್ತಿದ್ದೀರಿ?" ಎರಡು ಲೆಕ್ಕ ತಾಳೆ ಆಗದಿದ್ರೆ ಯಾರದ್ದು ಬಿಟ್ಟಿದೆ ಅಂತ ಹೆಸರು ಹಿಡಿದು ಕೇಳ್ತಾಳಂತೆ. ಒಂಬತ್ತು ಹೇಳಕ್ಕೆ ಬಂದೋರು ಹನ್ನೊಂದು ಆಗಿದ್ದು ಹಂಗೇ.

ಅವ್ವ ಮೊನ್ನೆ ಫೋನು ಮಾಡಿದ್ಲು. ಸಸಿ ಹೆಂಗಿದಾವೆ, ಮಳೆ ಆಯ್ತಾ ಅಂತೆಲ್ಲಾ ಕೇಳಿದ ಮೇಲೆ, "ದಸರಾ ಈ ಸಲ ಯಾವ್ ತಿಂಗ್ಳಲ್ಲಿ ಬತ್ತದೆ?" ಅಂದಳು. ಹೇಳಿದೆ. "ಸೊಪ್ ಬೇಯ್ಸೋ ಹೊತ್ತಲ್ವ ಅದು, ಬಿಡುವಾದ್ದಾ ನಿಂಗೆ?" ಅಂತ ಕೇಳಿ, ನಾನು ಉತ್ತರ ಕೊಡೋಕೆ ಮೊದಲೇ, "ನಿಮ್ಮತ್ತೇರ್ಗೆ ಕೇಳಿ ಮಡ್ಗು" ಅಂತ ಫೋನು ಇಟ್ಟಳು. ಅತ್ತೆ ಆಗಲೇ ತಿಂಗಳ ದುಡ್ಡು ಎತ್ತಿಡ್ತಿದಾರೆ.